ಹೊಸ ಧಣಿಗೆ ಅಮ್ಮ ಕೊಟ್ಟ ಜವಾಬು

ಘಾಟ್ಕೋಪರಿನ ನಮ್ಮ ಚಾಳನ್ನು ಊರ ಕಡೆಯ ಹೋಟೆಲ್ ಧಣಿಯೊಬ್ಬರು ಕೊಂಡರು. ತಮ್ಮ ಕೆಲಸದವರಿಗೆ ನಾವಿದ್ದ ಬಾಡಿಗೆ ಖೋಲಿ ಬೇಕೆಂದು ಹಟ ಹಿಡಿದರು. ಅಪ್ಪ ವಕೀಲರನ್ನು ಕೇಳಿ ಬಂದು ಧೈರ್ಯ ಹೇಳಿದರೂ, ನಾನು ಮಾತ್ರ ಬಾಗಿಲಾಚೆ ನಿಂತು ಧಣಿಯ ಗೊಗ್ಗರು ದನಿಯಲ್ಲಿ "ಖೋಲಿ ಖಾಲಿ ಮಾಡಿ!" ಎಂದು ಕೂಗಿ ಅಮ್ಮನನ್ನು ಬೆಚ್ಚಿಸುತ್ತಿದ್ದೆ.

ಒಂದು ಬೆಳಿಗ್ಗೆ ಹಾಲು ತಂದು ಮೆಟ್ಟಿಲು ಹತ್ತಿದರೆ, ಸಾಕ್ಷಾತ್ ಧಣಿಯೇ ನಮ್ಮ ಬಾಗಿಲಲ್ಲಿ ಅದನ್ನೇ ಕೂಗುತ್ತಿದ್ದರು. ನನ್ನಷ್ಟು ಚೆನ್ನಾಗಿ ಬರಲಿಲ್ಲ.

ಒಳಗಿನಿಂದ ಅಮ್ಮ ಗದರಿದಳು: "ಸಾಕು ಮಾಡು ಮಂಗ! ಚಾಳು ಮಾರಿದ್ರೆ ನಮ್ಮನ್ನೂ ಮಾರಿದ ಹಾಗಾ? ಬಾಡಿಗೆ ಕೊಡುವವರನ್ನು ಕೋರ್ಟು ಹೇಳದೆ ಎಬ್ಬಿಸ್ಲಿಕ್ಕೆ ನಿನ್ನ ಧಣಿಗೂ ಆಗುದಿಲ್ಲ. ಬಾ, ದೋಸೆ ತಣಿತದೆ!"

ಧಣಿ ಒಳಗೆ ಹೋಗಿ ನನ್ನ ದೋಸೆ ತಿಂದರು. ಖೋಲಿಯ ಮಾತು ಮತ್ತೆಂದೂ ಎತ್ತಲಿಲ್ಲ. "ಚಟ್ನಿಗೆ ಉಪ್ಪು ಸಾಲದು" ಎಂದರಷ್ಟೆ. ಈಗ ಅದನ್ನೇ ಅವರ ದನಿಯಲ್ಲಿ ಹೇಳುತ್ತೇನೆ.