ಬೆಡ್‌ಶೀಟಿನ ಆಚೆ ತುದಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಡ್ರೈಯರ್‌ಗಳು ಆಗಲೇ ಗುಡುಗುಡು ಎನ್ನುತ್ತಿವೆ. ಬಿಸಿ ಆರದ ಬೆಡ್‌ಶೀಟಿನ ಎರಡು ಮೂಲೆ, ಇಲ್ಲಿ ಎಲ್ಲರೂ ‘ಅಕ್ಕ’ ಎಂದೇ ಕರೆಯುವ ಹೆಂಗಸಿನ ಕೈಯಲ್ಲಿ, ಇನ್ನೆರಡು ಅವರ ಗಂಡನ ಕೈಯಲ್ಲಿ. ಉಳಿದ ಜೋಡಿಗಳು ಎದುರುಬದುರು ನುಗ್ಗಿ ಬಂದು ಮಡಿಸುತ್ತವೆ. ಈ ಗಂಡ ಮಾತ್ರ ಕೈ ಎತ್ತಿ ಹಿಡಿದು ನಿಂತಲ್ಲಿಂದ ಅಲುಗುವುದಿಲ್ಲ. ಅಕ್ಕನೇ ನಡೆದು ಹೋಗಿ ಮೂಲೆ ಸೇರಿಸುತ್ತಾರೆ. ಲಾಂಡ್ರಿಯವರು ಗಂಡನಿಗೆ ಇಟ್ಟ ಹೆಸರು ‘ಕಂಬ’.

"ಸೋಮಾರಿ ಅಂದ್ಕೊಂಡಿದ್ರು ಎಲ್ಲರೂ," ಅಕ್ಕ ನಗುತ್ತಾರೆ. "ಬರಬೇಡಿ ಅಂದಿದ್ದು ನಾನು. ಇವರು ಯಾರಿಗೂ ಹೇಳ್ಲೇ ಇಲ್ಲ."

ಅಕ್ಕ ಹುಟ್ಟಿದ ಮನೆಯಲ್ಲಿ ಅಪ್ಪನ ಕೈ ಮೇಲೆದ್ದರೆ ಏಟು ಬೀಳದೆ ಇಳಿದದ್ದಿಲ್ಲ. ಅಮ್ಮ ಕಂಡೂ ಕಾಣದಂತೆ ಇರುತ್ತಿದ್ದರು. "ಹೊಡೆದಾದ್ಮೇಲೆ ಅಪ್ಪ ತಲೆ ಸವರ್ತಿದ್ರು. ಅದಕ್ಕೇ ಯಾರಾದ್ರೂ ಪ್ರೀತಿ ತೋರಿಸಿದ್ರೂ ನಂಗೆ ಎದೆ ಢವಢವ ಅನ್ನೋದು."

ಮದುವೆಯಾದಾಗ ಗಂಡನ ಮೆದುಮಾತೇ ಅಕ್ಕನಿಗೆ ನುಂಗಲಾರದ ತುತ್ತಾಯಿತು. ಬಟ್ಟೆ ತುಂಬಿದ ಚೀಲವೊಂದು ಮಂಚದ ಕೆಳಗೆ ಸದಾ ಸಿದ್ಧ. ಒಂದು ದಿನ ಬೇಕೆಂದೇ ಗಂಡನ ಇಷ್ಟದ ಗಾಜಿನ ಲೋಟ ಒಡೆದರು. "ಹೊಡೆಯೋದಿದ್ರೆ ಹೊಡೆದು ಮುಗಿಸ್ಲಿ, ಕಾಯೋಕಾಗಲ್ಲ ಅನ್ನಿಸ್ತಿತ್ತು. ಇವರು ಪೊರಕೆ ತಂದ್ರು. 'ಚಪ್ಪಲಿ ಹಾಕ್ಕೊ, ಚುಚ್ಚುತ್ತೆ' ಅಂದ್ರು. ಸಿಟ್ಟು ಬಂತು. ಇನ್ನೊಂದು ಒಡೆದೆ." ಹೀಗೆ ಒಂದೊಂದೇ ಒಡೆದು, ಅಂದು ಮನೆಯಲ್ಲಿ ನೀರು ಕುಡಿಯಲು ಒಂದು ಲೋಟವೂ ಉಳಿಯಲಿಲ್ಲ. ಮರುದಿನ ಗಂಡ ಸ್ಟೀಲ್ ಲೋಟ ತಂದರು.

ಲಾಂಡ್ರಿಯಲ್ಲೂ ಅದೇ ಪಾಡು. ಜೊತೆಯವರು ಕೈ ಎತ್ತಿಕೊಂಡು ಎದುರಿಗೆ ಬಂದರೆ ಅಕ್ಕನ ಕೈಯಿಂದ ಬೆಡ್‌ಶೀಟು ಜಾರುತ್ತಿತ್ತು. ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಒಬ್ಬರೇ ಮಡಿಸಿದರು. ನಿಧಾನವಾಯಿತೆಂದು ಮೇಲ್ವಿಚಾರಕಿ ಕೆಲಸ ಬಿಡಿಸುವ ಮಾತಾಡಿದರು. ಆಗ ಅಕ್ಕ, ಪಕ್ಕದಲ್ಲೇ ಒಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದ ಗಂಡನನ್ನು ಕರೆದರು. "ಆ ತುದಿ ಹಿಡ್ಕೊಳ್ಳಿ. ನೀವು ಬರಬೇಡಿ, ನಾನೇ ಬರ್ತೀನಿ."

ಊರು ಹೊಗಳುವುದಿದ್ದರೆ ಈ ಗಂಡನನ್ನು ಹೊಗಳೀತು. ನಾನು ಮೂಗಿನ ಮೇಲೆ ಬೆರಳಿಟ್ಟು ನೋಡುವುದು ಅಕ್ಕನನ್ನು. ದಿನಕ್ಕೆ ಸುಮಾರು ಮುನ್ನೂರು ಬೆಡ್‌ಶೀಟು. ಯಾವುದನ್ನು ಕಂಡರೆ ಮೈ ಮುದುಡುತ್ತಿತ್ತೋ, ಆ ಮೇಲೆದ್ದ ಕೈಗಳ ಕಡೆಗೇ ಅಷ್ಟೂ ಸಲ ತಾವಾಗಿ ನಡೆದು ಹೋಗುತ್ತಾರೆ. ಯುದ್ಧ ಗೆದ್ದವರನ್ನು ನಾನು ಕಂಡಿಲ್ಲ, ಇವರನ್ನು ಕಂಡೆ.

ಮಂಚದ ಕೆಳಗಿನ ಚೀಲ ಈಗಲೂ ಇದೆಯೇ ಎಂದು ಕೇಳಿದೆ. "ಇದೆ. ಅದರಲ್ಲಿರೋ ಬಟ್ಟೆ ನಂಗೀಗ ಆಗಲ್ಲ, ದಪ್ಪ ಆಗಿದೀನಿ."

ಈಗ ಅಕ್ಕನಿಗಿರುವ ಹೆದರಿಕೆ ತಮ್ಮದೇ ಕೈಯದು. "ಹೋದ ತಿಂಗಳು ಮಗಳು ಹಾಲು ಚೆಲ್ಲಿದ್ಲು. ನನ್ನ ಕೈ ಎದ್ದೇಬಿಡ್ತು, ಥೇಟ್ ಅಪ್ಪನ ಹಾಗೆ. ಅವಳು ಓಡ್ಲಿಲ್ಲ. ಎಗರಿ ನನ್ನ ಅಂಗೈಗೆ ತನ್ನ ಅಂಗೈ ತಟ್ಟಿ ನಕ್ಕಳು. ಆಟ ಅಂದ್ಕೊಂಡಳು."

ಅಕ್ಕ ಮುಂದಿನ ಬೆಡ್‌ಶೀಟು ಎತ್ತಿಕೊಳ್ಳುತ್ತಾರೆ.

"ಅಮ್ಮ ಕೈ ಎತ್ತೋದು ಅಂಗೈ ತಟ್ಟೋ ಆಟಕ್ಕೇ ಅಂತ ಅವಳಿಗೆ ಗೊತ್ತಿರೋದು. ಬೇರೇದು ಗೊತ್ತಾಗೋದೇ ಬೇಡ."