ಮಡಿಸದೆ ಬಂದ ಕೇಕ್ ಬಾಕ್ಸ್

ಕೋವಿಡ್ ಕಳೆದ ಮರುವರ್ಷ ನಾನು ಒಂದು ಬೇಕರಿ ಕಂಪನಿಯ ಸಪ್ಲೈ ಚೈನ್ ಮ್ಯಾನೇಜರ್ ಆಗಿದ್ದೆ. ಸಪ್ಲೈ ಚೈನ್ ಎಂದರೆ ಗಿರಣಿಯಿಂದ ಹೊರಟ ಮೈದಾ ಕೇಕಾಗಿ ಗಿರಾಕಿಯ ಕೈ ಸೇರುವವರೆಗಿನ ಇಡೀ ದಾರಿ. ನಮ್ಮ ಓವನ್‌ಗಳು ಕೆ.ಆರ್.ಪುರದಲ್ಲಿ, ಅಂಗಡಿಗಳು ಶಿವಾಜಿನಗರ, ಹಲಸೂರು, ಇಂದಿರಾನಗರಗಳಲ್ಲಿ. ಕಂಟೋನ್ಮೆಂಟ್ ಕಡೆಯ ಕ್ರಿಸ್ಮಸ್ ವ್ಯಾಪಾರವೇ ಕಂಪನಿಯ ಜೀವಾಳ. ಈ ಸಲವೂ ಅದು ಕೈಕೊಟ್ಟರೆ ಎರಡು ಅಂಗಡಿ ಮುಚ್ಚುವುದೆಂದು ಮಾಲೀಕರು ಹೇಳಿಬಿಟ್ಟಿದ್ದರು. ಖರ್ಚು ಇಳಿಸುವ ಹೊಸ ಸ್ಟ್ರಾಟಜಿ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಬರೆದೆ. ಚೆನ್ನಾಗಿಯೇ ಬರೆದೆ, ತೊಂದರೆಯಾದದ್ದೇ ಅದರಿಂದ. ಹನ್ನೊಂದು ಸಪ್ಲೈಯರ್‌ಗಳನ್ನು ನಾಲ್ಕಕ್ಕೆ ಇಳಿಸಿದೆ. ನಾನು ಕೈಬಿಟ್ಟವರಲ್ಲಿ ಹಲಸೂರಿನ ಸೆಲ್ವಿಯಮ್ಮನೂ ಒಬ್ಬರು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಟಿಂಗ್ ಮೆಷಿನ್ ಇಟ್ಟುಕೊಂಡು, ಮೂವರು ಹೆಂಗಸರ ಜೊತೆ ಹದಿನಾರು ವರ್ಷ ನಮಗೆ ಕೇಕ್ ಬಾಕ್ಸ್ ಮಾಡಿಕೊಟ್ಟವರು. ದೊಡ್ಡ ಫ್ಯಾಕ್ಟರಿಯ ಬಾಕ್ಸ್ ಅಗ್ಗ. ಮಡಿಸದೆ ಹಾಳೆಯ ಹಾಗೆ ಬರುವುದರಿಂದ ಒಂದೇ ಲಾರಿಯಲ್ಲಿ ತಿಂಗಳ ಸರಕು. ದಸರಾ ಹೊತ್ತಿಗೆ ಸೆಲ್ವಿಯಮ್ಮನ ಆರ್ಡರ್ ನಿಲ್ಲಿಸಿ ಈಮೇಲ್ ಕಳಿಸಿದೆ. ಅವರು ಈಮೇಲ್ ನೋಡುವವರಲ್ಲ ಎಂದು ನನಗೆ ಗೊತ್ತಿತ್ತು.

ಹಳೆಯ ಬಾಕ್ಸ್‌ಗಳು ಡಿಸೆಂಬರ್ ಮಧ್ಯದವರೆಗೆ ಸಾಕಾದವು. ಆಮೇಲೆ ಹೊಸ ಲಾರಿ ಬಂತು. ಕ್ರಿಸ್ಮಸ್‌ಗೆ ಐದು ದಿನ ಇರುವಾಗ ಕೆ.ಆರ್.ಪುರದ ಸೂಪರ್‌ವೈಸರ್ ಖಾದರ್ ಫೋನ್ ಮಾಡಿದರು.

"ಸಾರ್, ಕೇಕೆಲ್ಲ ರೆಡಿ. ಈ ಬಾಕ್ಸ್ ಮಡಿಸೋರು ಯಾರು?"

ಯಾರೂ ಇರಲಿಲ್ಲ. ಸೆಲ್ವಿಯಮ್ಮನ ಬಾಕ್ಸ್ ತಳ ಅಂಟಿಸಿ, ಒಳಗೆ ಬಟರ್ ಪೇಪರ್ ಹಾಸಿ, ಕೇಕ್ ಇಟ್ಟು ಮುಚ್ಚುವಷ್ಟು ತಯಾರಾಗಿ ಬರುತ್ತಿತ್ತು. ಬಿಲ್ಲಿನಲ್ಲಿ 'ಬಾಕ್ಸ್' ಎಂದಷ್ಟೇ ಇರುತ್ತಿದ್ದುದರಿಂದ ಆ ಕೆಲಸ ನನ್ನ ಸ್ಟ್ರಾಟಜಿಯಲ್ಲಿ ಎಲ್ಲೂ ಇರಲಿಲ್ಲ. ಓವನ್ ಕೆಲಸದವರನ್ನೇ ಕೂರಿಸಿ ನೋಡಿದೆವು. ಪ್ಲಮ್ ಕೇಕಿನ ಭಾರಕ್ಕೆ ತಳ ಕಳಚಿ ಬೀಳುತ್ತಿತ್ತು.

ನಾಚಿಕೆ ಬಿಟ್ಟು ಹಲಸೂರಿಗೆ ಹೋದೆ. ಮುಂದಿನ ಕೋಣೆಯಲ್ಲಿ ಮೆಷಿನ್ ಇರಲಿಲ್ಲ, ಅದರ ಕಾಲಿನ ಗುರುತು ನೆಲದ ಮೇಲಿತ್ತು. ಸೆಲ್ವಿಯಮ್ಮ ಕುರ್ಚಿ ಎಳೆದು ಕೊಟ್ಟರು. ತಲೆ ತಗ್ಗಿಸಿಯೇ ವಿಷಯ ಹೇಳಿದೆ.

"ಎಷ್ಟಿದೆ ಸಾರ್?"

"ಮೂರು ಸಾವಿರದ ಮೇಲಿದೆ ಅಮ್ಮ."

"ಬರ್ತೀವಿ. ಅಂಟು ನಾವೇ ತರ್ತೀವಿ, ನಿಮ್ ಹತ್ರ ಇರೋದು ನಿಲ್ಲಲ್ಲ."

ಆ ಮೂವರು ಹೆಂಗಸರು ಅಷ್ಟರಲ್ಲಾಗಲೇ ಮನೆಗೆಲಸ, ಗಾರ್ಮೆಂಟ್ಸ್ ಎಂದು ಚದುರಿ ಹೋಗಿದ್ದರು. ರಜೆ ಹಾಕಿ ಬಂದು, ಸೆಲ್ವಿಯಮ್ಮನ ಜೊತೆ ಮೂರು ದಿನ ಕೆ.ಆರ್.ಪುರದ ನೆಲದ ಮೇಲೆ ಕೂತು ಮಡಿಸಿಕೊಟ್ಟರು. ವ್ಯಾಪಾರ ಆಯಿತು, ಎರಡೂ ಅಂಗಡಿ ಉಳಿದವು. ವರ್ಷದ ಕೊನೆಯ ಮೀಟಿಂಗಿನಲ್ಲಿ ನನ್ನ ಸ್ಟ್ರಾಟಜಿಗೆ ಚಪ್ಪಾಳೆ ಬಿತ್ತು. ಸೆಲ್ವಿಯಮ್ಮನ ಹೆಸರು ಎತ್ತದೆ ಎದ್ದು ನಿಂತು ಕೈಮುಗಿದೆ.

ಜನವರಿಯಲ್ಲಿ ಇಡೀ ವರ್ಷದ ಆರ್ಡರ್ ಹಿಡಿದು ಮತ್ತೆ ಹಲಸೂರಿಗೆ ಹೋದೆ. ಸೆಲ್ವಿಯಮ್ಮ ಕಾಗದ ನೋಡಿ ವಾಪಸ್ ಕೊಟ್ಟರು.

"ಮೆಷಿನ್ ಗುಜರಿಗೆ ಹೋಯ್ತಲ್ಲ ಸಾರ್. ಆರ್ಡರ್ ನಿಲ್ಸಿದ ಅವತ್ತೇ ಒಂದ್ಮಾತು ಬಂದು ಹೇಳಿದ್ರೆ, ಮಡಿಸೋದಾದ್ರೂ ನಿಮ್ಮೋರಿಗೆ ಕಲಿಸ್ಕೊಡ್ತಿದ್ದೆ."

ಆಮೇಲೆ ನಿವೃತ್ತಿಯವರೆಗೂ, ಯಾವ ಸ್ಟ್ರಾಟಜಿ ಬರೆಯುವುದಿದ್ದರೂ ಮೊದಲು ಒಬ್ಬೊಬ್ಬ ಸಪ್ಲೈಯರ್ ಪಕ್ಕ ಒಂದೊಂದು ದಿನ ಕೂರುತ್ತಿದ್ದೆ. ಬಿಲ್ಲಿನಲ್ಲಿ ಬರೆಯದ ಯಾವ ಕೆಲಸವನ್ನು ಅವರು ಮಾಡಿಕೊಡುತ್ತಿದ್ದಾರೆ ಎಂದು ನೋಡುತ್ತಿದ್ದೆ. ಒಳ್ಳೆಯ ಅಭ್ಯಾಸ ಎಂದು ಹಲವರು ಹೊಗಳಿದ್ದಾರೆ. ಈ ಪಾಠ ಕಲಿತವನು ನಾನು, ಅದಕ್ಕೆ ಮೆಷಿನ್ ಕಳೆದುಕೊಂಡವರು ಸೆಲ್ವಿಯಮ್ಮ.