ಶೀನಣ್ಣನಿಗೆ ಕಲಿಸಿಕೊಟ್ಟ ನೋವು

ಕಾಪುವಿನ ದರ್ಜಿ ಶೀನಣ್ಣ ತಿಂಗಳಿಗೆ ಎರಡು ದಿನ ಅಂಗಡಿಗೆ ಬೀಗ ಹಾಕಿ ಮಣಿಪಾಲಕ್ಕೆ ಹೋಗಿ ರೋಗಿಯಾಗುತ್ತಾರೆ. ಅಲ್ಲಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಅಭ್ಯಾಸಕ್ಕೆ ರೋಗಿಯ ಹಾಗೆ ನಟಿಸುವವರು ಬೇಕು. ಯಾವ ನೋವು, ಎಲ್ಲಿ, ಎಷ್ಟು ಎಂದು ಹಾಳೆಯಲ್ಲಿ ಬರೆದು ಕೊಡುತ್ತಾರೆ. ಶೀನಣ್ಣ ಅದನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡುತ್ತಾರೆ.

ಕಳೆದ ವರ್ಷ ಸಿಕ್ಕಿದ್ದು ಹೊಟ್ಟೆಯ ಬಲಗಡೆ, ಕೆಳಭಾಗದಲ್ಲಿ ನೋವಿರುವ ರೋಗಿಯ ಪಾತ್ರ. ಒತ್ತಿದಾಗ ಮುಖ ಕಿವುಚಬೇಕು. ಒಂದು ದಿನ ಪಾಠ ಹೇಳುವ ಡಾಕ್ಟರು, ವಿದ್ಯಾರ್ಥಿಯ ಕೈ ತಾಗುವ ಮೊದಲೇ ಕಿವುಚಿದಿರಿ ಎಂದು ತಿದ್ದಿದರು. ಶೀನಣ್ಣ ಕ್ಷಮೆ ಕೇಳಿದರು. ಆದರೆ ಆಗ ಅವರು ನಟಿಸಿರಲಿಲ್ಲ. ನಿಜವಾಗಿ ನೋವಾಗಿತ್ತು.

ಆಮೇಲೆ ಹೊಲಿಗೆ ಯಂತ್ರದ ಮುಂದೆ ಬಗ್ಗಿದರೂ ಅದೇ ಜಾಗ ಚುಚ್ಚತೊಡಗಿತು. ಅರ್ಧ ಗಂಟೆ ಕೂರುವುದೂ ಕಷ್ಟವಾಯಿತು. ಹೀಗೇ ಆದರೆ ಅಂಗಡಿ ಮುಚ್ಚಬೇಕಾದೀತು ಎಂದು ಹೆದರಿದರು.

"ಎಂತ, ಮನೆಯಲ್ಲಿಯೂ ನಾಟಕವಾ? ಇಲ್ಲಿ ಮಾರ್ಕು ಕೊಡುವವರು ಯಾರೂ ಇಲ್ಲ ಮಾರಾಯ್ರೆ" ಎಂದರು ಹೆಂಡತಿ ಮೋಹಿನಿ. ಆದರೆ ಗಂಡ ತನ್ನ ಇಷ್ಟದ ಬೂತಾಯಿ ಮೀನಿನ ಗಸಿಯನ್ನು ಮುಟ್ಟದೆ ಊಟದಿಂದ ಎದ್ದ ದಿನ ಅವರೇ ಉಡುಪಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಏನೂ ಕಾಣಲಿಲ್ಲ. ನೋವು ಸುಳ್ಳಲ್ಲ, ಆದರೆ ಹೊಟ್ಟೆಯಲ್ಲಿ ಅದಕ್ಕೆ ಕಾರಣ ಇಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು.

ಹಿಂದಿರುಗುವ ಬಸ್ಸಿನಲ್ಲಿ ಶೀನಣ್ಣ ಅದನ್ನೇ ಯೋಚಿಸಿದರು. ನಟಿಸಿ ಬಂದ ನೋವು ನಟಿಸಿಯೇ ಹೋಗಬಾರದೇಕೆ? ಮರುದಿನ ಕಾಲೇಜಿಗೆ ಫೋನ್ ಮಾಡಿ, ಅದೇ ರೋಗಿ ಗುಣವಾಗಿ ಮತ್ತೆ ತೋರಿಸಲು ಬರುವ ಪಾತ್ರ ಕೇಳಿದರು. ಸಿಕ್ಕಿತು.

ಅಭ್ಯಾಸವೇ ಕಷ್ಟವಾಯಿತು. ನೋವಿಲ್ಲದವರು ಹೇಗೆ ಕೂರುತ್ತಾರೆ? ಒಂದು ವಾರ ಮೋಹಿನಿಯನ್ನು ಗಮನಿಸಿದರು. ತನಗೆ ಹೊಟ್ಟೆ ಇದೆ ಎಂಬುದೇ ನೆನಪಿಲ್ಲದವರ ಹಾಗೆ ಆಕೆ ಕೂರುತ್ತಿದ್ದರು, ಏಳುತ್ತಿದ್ದರು.

ಆ ದಿನ ಪರೀಕ್ಷಿಸಿದವಳು ಉಮೈರಾ ಎಂಬ ವಿದ್ಯಾರ್ಥಿನಿ. ಮೆಲ್ಲಗೆ ಒತ್ತಿ ಕೇಳಿದಳು:

"ಅಂಕಲ್, ಈಗ ನೋವು ಉಂಟಾ?"

'ಇಲ್ಲ' ಎನ್ನಬೇಕೆಂದು ಹಾಳೆಯಲ್ಲಿತ್ತು. ಶೀನಣ್ಣ ಹಾಳೆಯಲ್ಲಿಲ್ಲದ ಮಾತು ಹೇಳಿದರು:

"ಇನ್ನೊಮ್ಮೆ ಒತ್ತು ಮಗಾ. ಸ್ವಲ್ಪ ಜೋರಾಗಿ."

ಒತ್ತಿದಳು. ಅವರು ಕಾದರು. ಬೆರಳುಗಳ ಒತ್ತಡ ಮಾತ್ರ ಗೊತ್ತಾಯಿತು.

"ಇಲ್ಲ" ಎಂದರು.

ಉತ್ತರ ತಡವಾಯಿತೆಂದು ಪಾಠ ಹೇಳುವ ಡಾಕ್ಟರು ಮತ್ತೆ ತಿದ್ದಿದರು. ಸಂಜೆ ಶೀನಣ್ಣ ಎರಡು ರವಿಕೆ ಹೊಲಿದು ಮುಗಿಸಿದರು.

ಮುಂದಿನ ತಿಂಗಳು ಎದೆನೋವಿನ ಪಾತ್ರ ಉಂಟು ಎಂದು ಕಾಲೇಜಿನಿಂದ ಫೋನ್ ಬಂತು. ಮೋಹಿನಿ ಅಡುಗೆಮನೆಯಿಂದಲೇ ಹೇಳಿದರು:

"ಎದೆ ಬೇಡ. ಎಡಗೈಯ ಕಿರುಬೆರಳಿಗೆ ಎಂತಾದರೂ ಉಂಟಾ ಕೇಳಿ."